ಹೊಲಿಗೆ ಕ್ಲಾಸಿನ ದಾರಿ

ಪೇಂಟರ್ ಹಿಂಬಾಗಿಲ ಚಿಲಕವನ್ನು ಸದ್ದಾಗದಂತೆ ಅರ್ಧ ಸರಿಸಿದ್ದ. ಅಷ್ಟರಲ್ಲಿ ಅಕ್ಕನ ಮಗಳು ಅವನ ತೋಳು ಹಿಡಿದಳು.

"ಎಲ್ಲಿಗೆ ಮಾವ?"

"ಇಲ್ಲೇ. ಸ್ವಲ್ಪ ಗಾಳಿಗೆ."

"ಗಾಳಿ ಮುಂದಿನ ಬಾಗಿಲಲ್ಲೂ ಬರುತ್ತೆ. ಯಾರೋ ಬಂದಿದಾರೆ, ನಂಗೆ ಗುರುತಿಲ್ಲ. ಅಮ್ಮನ್ನ ಎತ್ತೋ ತನಕ ಅವರ ಜೊತೆ ಕೂತಿರಿ."

ಹಿಂಬಾಗಿಲಿನಿಂದ ಬಾರು ಎರಡು ತಿರುವಿನಾಚೆ. ನಿನ್ನೆಯಿಂದ ಅವನು ಕುಡಿದಿರಲಿಲ್ಲ. ಒಳ್ಳೆಯ ಬುದ್ಧಿ ಬಂದದ್ದರಿಂದಲ್ಲ. ಅಕ್ಕನ ಶವಪೆಟ್ಟಿಗೆಗೆ ಹೆಗಲು ಕೊಡುವವನ ಬಾಯಿ ವಾಸನೆ ಬರಬಾರದೆಂಬ ಹಟಕ್ಕೆ. ಆದರೆ ಕೈ ಆ ಹಟವನ್ನು ಕೇಳುತ್ತಿರಲಿಲ್ಲ. ಕಿಟಕಿಯ ಅಂಚಿಗೆ ಗೆರೆ ಎಳೆದಂತೆ ಬಣ್ಣ ಬಳಿಯುತ್ತಿದ್ದ ಕೈ ಈಗ ಚಿಲಕದ ಮೇಲೆಯೇ ನಡುಗುತ್ತಿತ್ತು. ಒಂದು ಗುಟುಕು ಬಿದ್ದರೆ ನಡುಕ ನಿಲ್ಲುತ್ತದೆ, ಪೆಟ್ಟಿಗೆ ನೆಟ್ಟಗೆ ಹೋಗುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು. ಅವನ ಲೆಕ್ಕಗಳೆಲ್ಲ ವರ್ಷಗಳಿಂದ ಹೀಗೆಯೇ ಸರಿಯಾಗಿದ್ದವು.

ಮುಂದಿನ ಕೋಣೆಯಲ್ಲಿ, ಮುಚ್ಚಿಟ್ಟ ಹೊಲಿಗೆ ಯಂತ್ರದ ಪಕ್ಕ, ಒಬ್ಬ ಲಾರಿ ಡ್ರೈವರ್ ಮತ್ತು ಒಬ್ಬ ನರ್ಸ್ ಕುಳಿತಿದ್ದರು.

"ಅಕ್ಕ ನಿಮಗೆ ಹೇಗೆ ಪರಿಚಯ?"

ಡ್ರೈವರ್ ಗಂಟಲು ಸರಿಪಡಿಸಿಕೊಂಡ. "ನಾನು ಇವರ ಹತ್ರ ಪ್ಯಾಂಟ್ ಹೊಲಿಸ್ತಿದ್ದೆ."

"ಅಕ್ಕ ಗಂಡಸರ ಬಟ್ಟೆ ಹೊಲೀತಿರ್ಲಿಲ್ಲ."

"ಅಂದ್ರೆ, ನನ್ನ ಹೆಂಡತೀದು."

"ನೀನು ಮದ್ವೆ ಯಾವಾಗ ಆದೆಯಪ್ಪ?" ಎಂದು ನರ್ಸ್ ಗೊಣಗಿದಳು. "ಸುಮ್ನಿರು ಇನ್ನು."

ಪೇಂಟರನಿಗೆ ತಿಳಿಯಿತು, ಇವರು ಅಕ್ಕ ಕುಡಿತ ಬಿಡಲು ಹೋಗುತ್ತಿದ್ದ ಸಭೆಯವರು. ಆ ಸಭೆಗೆ ಯಾರು ಬರುತ್ತಾರೆಂಬುದು ಸಭೆಯ ಬಾಗಿಲು ದಾಟಬಾರದು. ಸತ್ತವಳ ಗುಟ್ಟನ್ನೂ ಇವರು ಹೀಗೆ ಅಡ್ಡಾದಿಡ್ಡಿಯಾಗಿ ಕಾಯುತ್ತಿದ್ದರು.

"ಪರವಾಗಿಲ್ಲ. ಅಕ್ಕನೇ ನಂಗೆ ಎಲ್ಲ ಹೇಳಿದ್ಲು. ಹೊಲಿಗೆ ಕ್ಲಾಸಿನ ಕತೆ ಕೂಡ."

ಡ್ರೈವರನ ಮುಖ ಸಡಿಲವಾಯಿತು. "ಅದನ್ನೂ ಹೇಳಿದ್ರಾ?"

*

ದಾರದ ಉಂಡೆಗಳ ಹಿಂದೆ ಅಕ್ಕ ಬಾಟಲಿ ಬಚ್ಚಿಡುತ್ತಿದ್ದ ಕಾಲ ಅದು. ಕುಡಿತ ಬಿಡುವವರ ಸಭೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನಡೆಯುತ್ತದೆಂದು ಯಾರೋ ಹೇಳಿದ್ದರು. ಬೀದಿ ಸಿಕ್ಕಿತು, ಬಾಗಿಲು ಸಿಗಲಿಲ್ಲ. ಕೇಳಲು ನಾಲಿಗೆ ಏಳಲಿಲ್ಲ. ಕೊನೆಗೆ ಸೈಕಲ್ ಅಂಗಡಿಯವನನ್ನು, "ಇಲ್ಲಿ ಹೊಲಿಗೆ ಕ್ಲಾಸ್ ಎಲ್ಲಿ ನಡೆಯುತ್ತೆ?" ಎಂದು ಕೇಳಿದಳು.

ಗ್ರಹಚಾರಕ್ಕೆ ಆ ಬೀದಿಯಲ್ಲಿ ನಿಜವಾಗಿಯೂ ಒಂದು ಹೊಲಿಗೆ ಕ್ಲಾಸು ಇತ್ತು. ಅಂಗಡಿಯವನು ಅದರ ಬಾಗಿಲವರೆಗೂ ಬಂದು ಬಿಟ್ಟುಹೋದ. ಅರ್ಧ ಊರಿಗೆ ರವಿಕೆ ಹೊಲಿದ ಹೆಂಗಸು ಚಿಕ್ಕ ಹುಡುಗಿಯರ ನಡುವೆ ಕುಳಿತು ಗುಂಡಿಗೆ ಕಾಜ ಹಾಕುವುದನ್ನು ಕಲಿತಳು.

"ಟೀಚರಮ್ಮ ನನ್ನ ಕೈ ನೋಡಿ, ಹೊಸಬರಿಗೆ ನಡುಗೋದು ಸಹಜ ಆಂಟಿ ಅಂದ್ಲು ಕಣೋ. ಅಳು ಬರಬೇಕಿತ್ತು, ನಗು ಬಂತು. ಸೀದಾ ಹೋಗಿ ಅದೇ ಸೈಕಲ್ ಅಂಗಡಿಯವನಿಗೆ ಹೇಳ್ದೆ: ನಾನು ಕುಡೀತೀನಿ, ಬಿಡ್ಬೇಕು, ಆ ಸಭೆ ಎಲ್ಲಪ್ಪ? ಅವನು ಪಂಕ್ಚರ್ ಹಾಕ್ತಿದ್ದ. ತಲೆ ಕೂಡ ಎತ್ತಲಿಲ್ಲ. ನಮ್ಮ ಅಂಗಡಿ ಮೇಲಿನ ಮಹಡಿ ಅಂದ," ಎನ್ನುತ್ತಿದ್ದಳು ಅಕ್ಕ.

ಆಮೇಲೆ ಅವಳು ಕೊನೆಯವರೆಗೂ ಕುಡಿಯಲಿಲ್ಲ. ತಮ್ಮನನ್ನು ಬಾ ಎಂದು ಒಮ್ಮೆಯೂ ಕರೆಯಲಿಲ್ಲ; ಈ ಕತೆಯನ್ನು ಮಾತ್ರ ಮತ್ತೆ ಮತ್ತೆ ಹೇಳುತ್ತಿದ್ದಳು. ಅವನು ಪ್ರತಿ ಸಲವೂ ಬಿದ್ದು ಬಿದ್ದು ನಕ್ಕಿದ್ದ. ಹೋಗಿರಲಿಲ್ಲ.

*

"ಯಾವಾಗಿಂದ ಬಿಟ್ಟಿದೀರಿ?" ನರ್ಸ್ ಅವನ ಬೆರಳುಗಳನ್ನೇ ನೋಡುತ್ತಿದ್ದಳು.

"ನಿನ್ನೆಯಿಂದ."

"ಇದು ಬರೀ ಹಟದಿಂದ ಆಗಲ್ಲ. ಮಣ್ಣು ಮುಗಿದ ತಕ್ಷಣ ನನ್ನ ಜೊತೆ ಆಸ್ಪತ್ರೆಗೆ ಬನ್ನಿ, ಡಾಕ್ಟರ್ ನೋಡ್ಲಿ. ಸಾಯಂಕಾಲ ನಮ್ಮ ಸಭೆ ಇದೆ."

"ಇವತ್ತೂ ನಡೆಸ್ತೀರಾ?"

"ಬಿಟ್ರೆ ನಿಮ್ಮಕ್ಕ ಎದ್ದು ಬಂದು ಬೈತಾರೆ."

"ಈಗ ಪೆಟ್ಟಿಗೆ ಎತ್ತೋಕೆ ಈ ಕೈ ಆಗುತ್ತಾ?"

"ಎತ್ತಿ," ಎಂದ ಡ್ರೈವರ್. "ಹಿಂದೆ ನಾನಿರ್ತೀನಿ."

ಹೊಸ್ತಿಲಲ್ಲಿ ಪೆಟ್ಟಿಗೆ ಒಮ್ಮೆ ವಾಲಿತು. ಹಿಂದಿನ ಹೆಗಲು ಮೇಲೇರಿತು, ಅದು ಸಮವಾಯಿತು. ಬಾರಿನ ಮುಂದೆ ಹಾಯುವಾಗ ಪೇಂಟರ್ ಅತ್ತ ನೋಡಿದ. ಎರಡು ಕೈಗಳೂ ಅಕ್ಕನನ್ನು ಹಿಡಿದಿದ್ದವು. ಅವನು ನಡೆಯುತ್ತಲೇ ಇದ್ದ.

*

ಸಂಜೆ ಡಾಕ್ಟರು ಕೊಟ್ಟ ಮಾತ್ರೆ ಜೇಬಿನಲ್ಲಿತ್ತು. ಒಟ್ಟಿಗೆ ಹೋಗೋಣವೆಂದ ನರ್ಸನ್ನು ಅವನೇ ಮುಂದೆ ಕಳಿಸಿದ್ದ. ಈ ದಾರಿಯನ್ನು ತಾನೇ ನಡೆಯಬೇಕೆನಿಸಿತ್ತು. ಸೈಕಲ್ ಅಂಗಡಿಯ ಪಕ್ಕದ ಮೆಟ್ಟಿಲ ಬುಡದಲ್ಲಿ ಇಸ್ತ್ರಿ ಅಂಗಿ ತೊಟ್ಟ ಒಬ್ಬಾತ ಕರೆಂಟಿನ ಮೀಟರನ್ನು ಪರೀಕ್ಷೆಗೆ ಓದುವವನಂತೆ ಓದುತ್ತಿದ್ದ.

"ಏನು ಹುಡುಕ್ತಿದೀರಿ ಸರ್?"

"ಇಲ್ಲಿ ಹಲ್ಲಿನ ಡಾಕ್ಟರು ಯಾರೋ..." ಆತ ಮೀಟರಿನಿಂದ ಕಣ್ಣು ತೆಗೆಯಲಿಲ್ಲ.

ಪೇಂಟರನಿಗೆ ನಗು ಬಂತು, ನುಂಗಿಕೊಂಡ. "ನಾನು ಕುಡಿತ ಬಿಡೋರ ಸಭೆಗೆ ಬಂದಿದೀನಿ. ನಂಗೆ ಇವತ್ತೇ ಮೊದಲು, ಒಬ್ಬನೇ ಹತ್ತೋಕೆ ಭಯ. ಸ್ವಲ್ಪ ಜೊತೆಗೆ ಬರ್ತೀರಾ?"

ಆತ ಮೀಟರನ್ನು ಬಿಟ್ಟು ಮೊದಲ ಮೆಟ್ಟಿಲಿಗೆ ಕಾಲಿಟ್ಟ. ಆಮೇಲೆ, "ಹಲ್ಲು ನಾಳೆ ತೋರಿಸಿದ್ರಾಯ್ತು," ಎಂದ.

ಮೆಟ್ಟಿಲು ಒಬ್ಬರಿಗೆ ಮಾತ್ರ ಸಾಲುವಷ್ಟು ಇಕ್ಕಟ್ಟು. ಇಬ್ಬರೂ ಹಿಂದುಮುಂದಾಗದೆ, ಮೈ ಒತ್ತಿಕೊಂಡು ಪಕ್ಕಪಕ್ಕದಲ್ಲೇ ಹತ್ತಿದರು. ಎರಡು ಬದಿಯ ಗೋಡೆಗಳ ಹಸಿ ಸುಣ್ಣ ಇಬ್ಬರ ತೋಳಿಗೂ ಬೆಳ್ಳಗೆ ಮೆತ್ತಿಕೊಳ್ಳುತ್ತಿತ್ತು.