ಗುಂಡಿ ಡಬ್ಬ

ಕೋಟಿನ ಗುಂಡಿಗೆಂದು ಕೈ ಹಾಕಿದ ಡಬ್ಬವನ್ನು ಅವಳು ಮೇಜಿನ ಮೇಲೆ ಬೋರಲು ಹಾಕಿದಳು. ಗುಂಡಿಗಳ ನಡುವೆ ಬಿದ್ದದ್ದು ಅರ್ಧ ಖಾಲಿಯಾದ ಮಾತ್ರೆ ಪಟ್ಟಿ. ಬೆಳಿಗ್ಗೆ ಆಸ್ಪತ್ರೆಯಲ್ಲಿ ತನಗೆ ಕೊಟ್ಟ ಪಟ್ಟಿಯನ್ನೂ ಅದರ ಪಕ್ಕದಲ್ಲಿಟ್ಟಳು. ಅದೇ ಬಣ್ಣ, ಅದೇ ಹೆಸರು.

"ಇದೇನಪ್ಪಾ?"

ದರ್ಜಿ ಅಪ್ಪ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. "ಗ್ಯಾಸಿಗೆ."

"ಹಂಗಾದ್ರೆ ನಂಗೂ ಗ್ಯಾಸಾ?"

ಮೊನ್ನೆ ಬಟ್ಟೆ ಥಾನು ಹೊತ್ತು ಮೆಟ್ಟಿಲು ಹತ್ತುವಾಗ ಅವಳು ಕಣ್ಣು ಕತ್ತಲಿಟ್ಟು ಬಿದ್ದಿದ್ದಳು. ಇವತ್ತು ಬೆಳಿಗ್ಗೆ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು: ಹೃದಯದ ಸ್ನಾಯು ದಪ್ಪಗಾಗಿದೆ, ಬಿಗಿದ ಮುಷ್ಟಿಯ ಹಾಗೆ ಸಡಿಲವಾಗುತ್ತಿಲ್ಲ, ಸ್ನಾಯುವಿನೊಳಕ್ಕೆ ಕ್ಯಾಲ್ಸಿಯಂ ನುಗ್ಗುವುದನ್ನು ಈ ಮಾತ್ರೆ ತಡೆಯುತ್ತದೆ, ಎದೆ ನಿಧಾನಕ್ಕೆ ಬಡಿದು ರಕ್ತ ತುಂಬಿಕೊಳ್ಳಲು ಪುರುಸೊತ್ತು ಸಿಗುತ್ತದೆ. ಓಡಬೇಡ. ಇದು ವಂಶದಲ್ಲಿ ಇಳಿದು ಬರುವ ಕಾಯಿಲೆ, ಒಡಹುಟ್ಟಿದವರನ್ನೂ ಕರಕೊಂಡು ಬಾ.

ಒಡಹುಟ್ಟಿದವರು! ಮೈದಾನದಲ್ಲಿ ಓಡುತ್ತ ಓಡುತ್ತ ಬಿದ್ದ ಅಣ್ಣ ಏಳಲೇ ಇಲ್ಲ. ಬಿಸಿಲು ಬಡಿಯಿತು ಎಂದಿದ್ದ ಅಪ್ಪ. ಅಜ್ಜಿಯ ಕಥೆಯ ರಾಕ್ಷಸ ಪ್ರಾಣವನ್ನು ಗಿಳಿಯೊಳಗೆ ಬಚ್ಚಿಟ್ಟಿದ್ದನಂತೆ. ಈ ಮಹಾರಾಯ ಗುಂಡಿ ಡಬ್ಬದಲ್ಲಿ.

"ಎಷ್ಟು ವರ್ಷದಿಂದ ನುಂಗ್ತಿದ್ದೀಯ?"

ಪೆಡಲ್ ನಿಂತಿತು. "ಹನ್ನೆರಡು."

ಅಣ್ಣ ಹೋಗಿ ಒಂಬತ್ತು.

"ಮಕ್ಕಳನ್ನ ಕರಕೊಂಡು ಬಾ ಅಂತ ನಿಂಗೂ ಹೇಳಿದ್ರು, ಅಲ್ವಾ?"

"ಗುಂಡುಕಲ್ಲಿನ ಥರ ಇದ್ದನಲ್ಲೇ ಅವನು... ಹಂಗೆ ಓಡೋ ಹುಡುಗನ್ನ ರೋಗಿ ಅನ್ನೋಕೆ ಬಾಯಿ ಬರಲಿಲ್ಲ."

"ನುಂಗೋಕೆ ಬಂತಲ್ಲ ಬಾಯಿ! ಊರವರ ಎದೆ ಅಳತೆಯೆಲ್ಲ ಟೇಪು ಹಿಡಿದು ಬರಕೊಂಡೆ, ಹೆತ್ತ ಮಕ್ಕಳ ಎದೆಯೊಳಗೆ ಏನಿದೆ ಅಂತ ನೋಡಿಸೋಕಾಗ್ಲಿಲ್ವಾ?"

"ಉಗಿ ತಾಯಿ. ಎಷ್ಟು ಬೇಕಾದ್ರೂ ಉಗಿ."

"ಉಗಿಯೋಕೂ ಪುರುಸೊತ್ತಿಲ್ಲ. ಚಿಕ್ಕವಳೆಲ್ಲಿ?"

ಅವನು ಥಟ್ಟನೆ ಎದ್ದು ನಿಂತ. ಇವತ್ತು ಮೂರು ಗಂಟೆಗೆ ತಂಗಿಗೆ ಓಟದ ಆಯ್ಕೆ ಸ್ಪರ್ಧೆ. ಅಣ್ಣನ ಬಿಳಿ ಅಂಗಿಯನ್ನೇ ಹಾಕಿಕೊಂಡು ಹೋಗಿದ್ದಳು. ಅವಳ ಮೈಗೆ ಸರಿಹೊಂದಲೆಂದು ಒಳಹೊಲಿಗೆ ಹಾಕಿ ಚಿಕ್ಕದು ಮಾಡಿಕೊಟ್ಟವನು ಅಪ್ಪನೇ. ಗೋಡೆಯ ಗಡಿಯಾರದಲ್ಲಿ ಮೂರಕ್ಕೆ ಎಂಟು ನಿಮಿಷ ಬಾಕಿ. ಅವಳು ಫೋನ್ ಮಾಡಿದಳು. ಅದು ಅಂಗಡಿಯಲ್ಲೇ ರಿಂಗಾಯಿತು, ತಂಗಿ ಬಿಟ್ಟುಹೋದ ಚೀಲದೊಳಗೆ.

ಮೈದಾನ ಬೀದಿಯ ಆ ತುದಿಗೆ. ಸುಡುಬಿಸಿಲು, ಕಳಿಸೋಣವೆಂದರೆ ನರಪಿಳ್ಳೆಯೂ ಇಲ್ಲ. ಇಬ್ಬರೂ ಕದ ಮುಚ್ಚದೆ ಹೊರಬಿದ್ದರು. ನಾಲ್ಕು ಹೆಜ್ಜೆ ಓಡಿದ ಅಪ್ಪ ಎದೆ ಹಿಡಿದು ಕಂಬಕ್ಕೊರಗಿದ. ಅವಳು ಅವನ ರಟ್ಟೆಗೆ ಕೈ ಹಾಕಿ ಎಳೆದಳು, ನೋಯುವಷ್ಟು ಬಿಗಿಯಾಗಿ.

"ಓಡಬೇಡ. ನಡಿ. ನಡಿ ಅಂದೆ!"

ಮೈದಾನದ ಕಡೆಯಿಂದ ಸೀಟಿ ಕೇಳಿಸಿತು. ಇಬ್ಬರೂ ಹೆಜ್ಜೆಗೆ ಹೆಜ್ಜೆ ಹಾಕುತ್ತ ನಡೆದರು. ಅವನ ಕತ್ತಿನಿಂದ ಜಾರಿ ಅಂಗಿಗೆ ಸಿಕ್ಕಿಕೊಂಡ ಅಳತೆ ಟೇಪು ಹಿಂದೆ ಧೂಳಿನಲ್ಲಿ ಎಳೆದುಕೊಂಡು ಬರುತ್ತಿತ್ತು.