ಕೋಣೆಯಲ್ಲಿ ಒಬ್ಬರಿದ್ದಾರೆ

ನಮ್ಮಣ್ಣನಿಗೆ ಕಣ್ಣು ಕಾಣುವುದಿಲ್ಲ. ಆದರೆ ತಪ್ಪು ಹುಡುಕುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಮದುವೆಯ ಗೊಡವೆಗೇ ಹೋಗದೆ ಮೂರನೇ ಮಹಡಿಯ ಮನೆಯಲ್ಲಿ ಒಬ್ಬನೇ ಇದ್ದಾನೆ. ಅವನ ಫೋನಿನಲ್ಲಿ ಒಂದು ಆ್ಯಪ್ ಇದೆ. ಕ್ಯಾಮೆರಾ ಎತ್ತ ಹಿಡಿದರೆ ಅತ್ತ ಏನಿದೆ, ಯಾರಿದ್ದಾರೆ ಎಂದು ಗಟ್ಟಿಯಾಗಿ ಹೇಳುತ್ತದೆ. ಅದು ಯಾವ ಕಂಪನಿಯದೂ ಅಲ್ಲ, ಒಬ್ಬರ ಮುಖ ಒಬ್ಬರು ನೋಡದ ಹತ್ತಾರು ಜನ ಬಿಡುವಿನಲ್ಲಿ ಸೇರಿ ಕಟ್ಟಿದ್ದು. ಯಾರೋ ಕೋಡ್ ಬರೆಯುತ್ತಾರೆ, ಇನ್ಯಾರೋ ಗುಂಡಿಗಳ ವಿನ್ಯಾಸ ಮಾಡುತ್ತಾರೆ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ನಾನು ಗಿರಾಕಿಗಳಿಲ್ಲದಾಗ ಅದರ ಮಾತುಗಳನ್ನು ಕನ್ನಡಕ್ಕೆ ತರುತ್ತೇನೆ. ಅಣ್ಣ ದೂರು ಬರೆಯುತ್ತಾನೆ.

"ಒಬ್ಬ ವ್ಯಕ್ತಿ ಪತ್ತೆಯಾಗಿದ್ದಾರೆ" ಎಂದು ನಾನು ಮೊದಲು ಬರೆದಾಗ, "ಏನೇ ಇದು, ಪೊಲೀಸ್ನೋರು ಹೆಣ ಹುಡುಕಿದ ಹಾಗಿದೆ" ಎಂದು ಬೈದಿದ್ದ. "ಕೋಣೆಯಲ್ಲಿ ಒಬ್ಬರಿದ್ದಾರೆ" ಎಂದು ತಿದ್ದಿದೆ. ಫೋನ್ ಹಿಡಿದವರನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಎದುರಿಗೆ ಕಂಡವರನ್ನು ಮಾತ್ರ.

ಹೋದ ತಿಂಗಳು ಅವನ ದೂರೊಂದು ಬಂತು. "ಮಾಡಿದ್ದು: ಮಲಗುವ ಕೋಣೆಯಲ್ಲಿ ನಿಂತು ಬೀರುವಿನ ಕಡೆ ಫೋನ್ ಹಿಡಿದೆ. ಹೇಳಬೇಕಾದದ್ದು: ಯಾರೂ ಇಲ್ಲ. ಹೇಳಿದ್ದು: ಒಬ್ಬರಿದ್ದಾರೆ." ಹಿಂದೆಯೇ ಫೋನ್ ಮಾಡಿದ.

"ಪುಟ್ಟಿ, ಬಾಗಿಲು ನಾನೇ ಹಾಕಿದೀನಿ. ಕೈ ಚಾಚ್ಕೊಂಡು ಗೋಡೆಯಿಂದ ಗೋಡೆಗೆ ನಡೆದು ನೋಡ್ದೆ, ಯಾರೂ ಸಿಗ್ಲಿಲ್ಲ. ಇದು ಸುಳ್ಳು ಹೇಳ್ತಿದ್ಯೋ ನಿಜ ಹೇಳ್ತಿದ್ಯೋ, ಅಷ್ಟು ಹೇಳ್ಬಿಡು. ನಿದ್ದೆ ಬರ್ತಿಲ್ಲ ಕಣೇ. ಹೀಗಾದ್ರೆ ಈ ಮನೇಲಿ ಇರೋದು ಹೇಗೆ?"

ಅಣ್ಣ ಹೆದರಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನಮ್ಮ ಗುಂಪಿನಲ್ಲೊಂದು ಪದ್ಧತಿಯಿದೆ. ಇನ್ನೊಬ್ಬರು ಅದೇ ರೀತಿ ಮಾಡಿ ನೋಡುವ ತನಕ ಯಾವ ದೂರನ್ನೂ ಒಪ್ಪುವಂತಿಲ್ಲ, ಮುಚ್ಚುವಂತೆಯೂ ಇಲ್ಲ. ಆದರೆ ಅಣ್ಣನ ಬೀರು ನಾನು ಕಾಣದ್ದೇ? ಅದರ ಬಾಗಿಲ ತುಂಬ ಕನ್ನಡಿ. ಕೂತಲ್ಲೇ ನಗು ಬಂತು.

"ಅದು ನೀನೇ ಮಾರಾಯ! ಕನ್ನಡೀಲಿ ನಿನ್ನನ್ನೇ ನೋಡಿ ಹೇಳ್ತಿದೆ."

ಅವನೂ ಹೊಟ್ಟೆ ತುಂಬ ನಕ್ಕ. ಅಂಗಡಿಯಿಂದಲೇ ದೂರಿನ ಕೆಳಗೆ "ಕನ್ನಡಿ" ಎಂದು ಬರೆದು ಮುಚ್ಚಿಬಿಟ್ಟೆ.

ನಿನ್ನೆ ಮಧ್ಯಾಹ್ನ ಅವನ ಮನೆಗೆ ಹೋದೆ. ಅಣ್ಣ ಬಹಳ ಹುರುಪಿನಲ್ಲಿದ್ದ. "ಬಾ, ತಮಾಷೆ ತೋರಿಸ್ತೀನಿ" ಎಂದು ಮಲಗುವ ಕೋಣೆಗೆ ಕರೆದೊಯ್ದು ಬೀರುವಿನತ್ತ ಫೋನ್ ಹಿಡಿದ. ನಾನು ಅವನ ಬೆನ್ನ ಹಿಂದೆ ನಿಂತಿದ್ದೆ.

"ಕೋಣೆಯಲ್ಲಿ ಒಬ್ಬರಿದ್ದಾರೆ" ಎಂದಿತು.

"ನಮಸ್ಕಾರ ಸಾಹೇಬ್ರೇ, ಸೌಖ್ಯವಾ?" ಎಂದು ಅಣ್ಣ ಗತ್ತಿನಿಂದ ತಲೆ ಬಾಗಿಸಿದ. "ದಿನಾ ಹೀಗೇ ಮಾತಾಡಿಸ್ತೀನಿ. ಮನಸ್ಸಲ್ಲಿರೋದನ್ನೆಲ್ಲ ಹೇಳ್ಕೋತೀನಿ. ನಿನಗೂ ಹೇಳದೇ ಇರೋದನ್ನ."

ಬೀರುವಿನಲ್ಲಿ ಕನ್ನಡಿ ಇರಲಿಲ್ಲ. ಆ ಜಾಗದಲ್ಲಿ ಹೊಳಪಿಲ್ಲದ ಕಂದು ಹಾಳೆಯೊಂದನ್ನು ಅಂಟಿಸಿದ್ದರು.

"ಅಣ್ಣ, ಬೀರು ರಿಪೇರಿ ಮಾಡಿಸಿದ್ಯಾ?"

"ಹ್ಞೂಂ, ಈ ಆ್ಯಪ್ ಹಾಕ್ಕೊಳ್ಳೋಕೆ ಮುಂಚೇನೇ. ಕನ್ನಡಿ ಬಿರುಕು ಬಿಟ್ಟಿತ್ತು, ಬಡಗಿ ಹೊಸದು ಹಾಕಿ ಹೋದ. ಮುಟ್ಟಿ ನೋಡು, ಎಷ್ಟು ನುಣುಪಾಗಿದೆ."

ಕಣ್ಣಿಲ್ಲದವನಿಗೆ ಬಡಗಿ ಚೆನ್ನಾಗಿಯೇ ಟೋಪಿ ಹಾಕಿದ್ದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನಗೆ ಪುರುಸೊತ್ತಿರಲಿಲ್ಲ. ಅಣ್ಣನನ್ನು ನನ್ನ ಹಿಂದಕ್ಕೆ ನಿಲ್ಲಿಸಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ನನ್ನ ಫೋನನ್ನು ಕಿಟಕಿಯತ್ತ ಹಿಡಿದೆ. ಯಾರೂ ಇಲ್ಲ ಎಂದಿತು. ಮಂಚದತ್ತ ಹಿಡಿದೆ. ಯಾರೂ ಇಲ್ಲ. ಬೀರುವಿನತ್ತ ತಿರುಗಿಸಿದೆ.

ಒಬ್ಬರಿದ್ದಾರೆ.

ಬೀರುವಿಗೂ ನನಗೂ ನಡುವೆ ಬಿಸಿಲು ಬಿದ್ದ ನೆಲ ಬಿಟ್ಟರೆ ಏನೂ ಇರಲಿಲ್ಲ. ಇದನ್ನು ಬಾಯಿಬಿಟ್ಟು ಹೇಳಲು ನನಗೆ ಧೈರ್ಯ ಸಾಲಲಿಲ್ಲ. ಹೇಳದೆ ಅವನನ್ನು ಅಲ್ಲಿ ಒಬ್ಬನೇ ಬಿಟ್ಟು ಬರುವುದಕ್ಕೂ ಮನಸ್ಸು ಒಪ್ಪಲಿಲ್ಲ. ಹಳೆಯ ದೂರನ್ನು ಹುಡುಕಿ, ಒಂದು ಸಾಲು ಬರೆದು ಗುಂಡಿ ಒತ್ತಿದೆ.

ಅಣ್ಣನ ಕೈಯಲ್ಲಿದ್ದ ಫೋನ್ ತಕ್ಷಣ ಓದಿತು: "ನಿಮ್ಮ ದೂರನ್ನು ಮತ್ತೆ ತೆರೆಯಲಾಗಿದೆ. ನಾನೂ ಮಾಡಿ ನೋಡಿದೆ. ಅಲ್ಲಿ ಕನ್ನಡಿ ಇಲ್ಲ."

ಅವನ ಮುಖದ ನಗು ಇಳಿಯಿತು. ತಡಕಾಡಿ ನನ್ನ ತೋಳು ಹಿಡಿದುಕೊಂಡ. ಕೋಣೆಯಲ್ಲಿ ಬೇರೆಯವರಿಗೆ ಕೇಳಿಸಬಾರದು ಎಂಬಂತೆ ದನಿ ತಗ್ಗಿಸಿದ.

"ಹಾಗಾದ್ರೆ ಇಷ್ಟು ದಿನ ಅದನ್ನೆಲ್ಲ ನಾನು ಯಾರಿಗೆ ಹೇಳ್ಕೊಂಡೆ ಪುಟ್ಟಿ?"