ಐದು ಮೆಟ್ಟಿಲ ಕೆಳಗಿನ ಸಭೆ

ನಮ್ಮ ಚರ್ಚಿನ ಬಾಗಿಲಿಗೆ ಐದು ಮೆಟ್ಟಿಲು. ಐದನ್ನೂ ಕಟ್ಟಿದವನು ನಾನೇ. ಗಾರೆ ಕೆಲಸ ನನ್ನದು, ಎಲ್ಲರ ಬಾಯಲ್ಲೂ ನಾನು ‘ಮೇಸ್ತ್ರಿ’. ಒಂದೊಂದು ಮೆಟ್ಟಿಲೂ ಸರಿಯಾಗಿ ಆರಿಂಚು. ಮೂಲೆ ಮುರಿದಿಲ್ಲ, ಬಿರುಕು ಬಿಟ್ಟಿಲ್ಲ, ಮಳೆ ನೀರು ಒಂದು ಹನಿ ನಿಲ್ಲುವುದಿಲ್ಲ. ಮದುವೆಯಾದ ಜೋಡಿಗಳೆಲ್ಲ ಅದರ ಮೇಲೆಯೇ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಆಗೆಲ್ಲ ನಾನು, ಕಟ್ಟಿದ್ದು ಯಾರೆಂದು ಯಾರಾದರೂ ಕೇಳಲಿ ಎಂದು ಅಲ್ಲೇ ಸುಳಿದಾಡುತ್ತಿದ್ದೆ. ಆ ನನ್ನ ಜಂಬ ಇಳಿಸಿದವಳು ನಮ್ಮ ಬೀದಿಯ ಟೈಲರಕ್ಕ.

ಹನ್ನೊಂದು ವರ್ಷದ ಹಿಂದೆ ಬಸ್ಸು ಮಗುಚಿ ಟೈಲರಕ್ಕನ ಬೆನ್ನುಮೂಳೆಗೆ ಪೆಟ್ಟಾಯಿತು. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಆದರೆ ಹೊಲಿಗೆ ನಿಲ್ಲಲಿಲ್ಲ. ಮೋಟಾರು ಮೆಷಿನ್ನಿನ ಪೆಡಲನ್ನು ಮೇಜಿನ ಮೇಲಿಟ್ಟುಕೊಂಡು ಮೊಣಕೈಯಿಂದ ಒತ್ತಿ ಹೊಲಿಯುತ್ತಾಳೆ. ನಮ್ಮ ಗಾಯನ ತಂಡದ ಬಿಳಿ ನಿಲುವಂಗಿಗಳೆಲ್ಲ ಅವಳ ಕೈಯವೇ. ಅಂಗಡಿಗೆ, ಆಸ್ಪತ್ರೆಗೆ, ಎಲ್ಲಿಗೇ ಆಗಲಿ ತನ್ನ ಗಾಲಿಕುರ್ಚಿಯನ್ನು ತಾನೇ ಉರುಳಿಸಿಕೊಂಡು ಹೋಗುತ್ತಾಳೆ. ಚರ್ಚಿಗೆ ಬಂದಾಗ ಮಾತ್ರ ನಾವು ನಾಲ್ಕು ಜನ ಅವಳನ್ನು ಕುರ್ಚಿ ಸಮೇತ ಎತ್ತಿ ಒಳಗಿಡುತ್ತಿದ್ದೆವು.

ಅದನ್ನು ನಾವು ಸೇವೆ ಎಂದು ಕರೆಯುತ್ತಿದ್ದೆವು. ನಮ್ಮ ಚರ್ಚಿನ ಸಭೆಯ ವಾರ್ಷಿಕ ವರದಿಯಲ್ಲಿ ಫೋಟೊ ಕೂಡ ಬಂದಿತ್ತು. ಫೋಟೊದಲ್ಲಿ ನಾವು ನಾಲ್ವರೂ ಹಲ್ಲು ಬಿಟ್ಟುಕೊಂಡು ನಗುತ್ತಿದ್ದೇವೆ. ಟೈಲರಕ್ಕ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿದ್ದಾಳೆ. ಪ್ರಾರ್ಥನೆ ಮಾಡುತ್ತಿದ್ದಾಳೆ ಅಂದುಕೊಂಡಿದ್ದೆವು. ಈಸ್ಟರಿಗೆ ಮೂರು ವಾರ ಮೊದಲು ನನ್ನ ಕೈ ಜಾರಿತು. ಕುರ್ಚಿ ವಾಲಿತು, ಅವಳು ಮುಂದಕ್ಕೆ ಮುಗ್ಗರಿಸಿದಳು, ಬಟ್ಟೆ ಅಸ್ತವ್ಯಸ್ತವಾಯಿತು. ಯಾರೋ ಕಿಸಕ್ಕನೆ ನಕ್ಕರು. ಅವಳು ಬಟ್ಟೆ ಸರಿಮಾಡಿಕೊಂಡಳು.

ಈಸ್ಟರ್ ಬೆಳಗ್ಗೆ ಚರ್ಚಿನ ತುಂಬ ಬಿಳಿ ಹೂವು. ಗಂಟೆ ಹೊಡೆಯುತ್ತಿತ್ತು. ಟೈಲರಕ್ಕ ಗೇಟು ದಾಟಿ ಬಂದಳು. ನಾವು ನಾಲ್ವರು ತೋಳು ಮಡಚಿಕೊಂಡು ಸಿದ್ಧರಾಗಿ ನಿಂತಿದ್ದೆವು. ಅವಳು ಮೆಟ್ಟಿಲ ಬುಡಕ್ಕೆ ಬಂದು ಬ್ರೇಕು ಎಳೆದಳು.

“ಯಾರೂ ಮುಟ್ಟಬೇಡಿ.”

“ಯಾಕಕ್ಕಾ? ಅವತ್ತು ಏನೋ ಕೈ ಜಾರ್ತು. ಇವತ್ತು ಗಟ್ಟಿಯಾಗಿ ಹಿಡ್ಕೋತೀವಿ,” ಅಂದೆ.

“ನಾಲ್ಕು ಜನ ಹೊತ್ಕೊಂಡು ಹೋಗೋ ದಿನ ನಂಗೂ ಒಂದಿದೆ ಮೇಸ್ತ್ರಿ. ಅದು ಇನ್ನೂ ಬಂದಿಲ್ಲ. ಇವತ್ತು ಈಸ್ಟರ್, ಸತ್ತವನು ಎದ್ದ ದಿನ. ಇವತ್ತಂತೂ ನಾನು ಹೊರಿಸ್ಕೊಳ್ಳಲ್ಲ.”

“ಮತ್ತೆ ಒಳಗೆ ಹೇಗೆ ಬರ್ತೀಯ?”

“ಅದನ್ನ ನೀನು ಹೇಳು. ಮೆಟ್ಟಿಲು ಕಟ್ಟಿದ್ದು ನೀನಲ್ವಾ?”

ನನಗೆ ಮೈಯೆಲ್ಲ ಉರಿದುಹೋಯಿತು. ಹಬ್ಬದ ದಿನ ಇದೆಂಥ ಹಠ! ಕೂತರೆ ಕೂತಿರಲಿ ಎಂದು ಒಳಗೆ ಹೋದೆ.

ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, “ಕ್ರಿಸ್ತನು ಎದ್ದಿದ್ದಾನೆ!” ಅಂದರು. “ನಿಜವಾಗಿಯೂ ಎದ್ದಿದ್ದಾನೆ!” ಎಂದು ನಾವೆಲ್ಲ ಕೂಗಿದೆವು. ನಮ್ಮದು ಮುಗಿದ ಮೇಲೆ, ಹೊರಗಿನಿಂದ ಒಂಟಿ ದನಿಯೊಂದು ತಡವಾಗಿ ಅದನ್ನೇ ಕೂಗಿತು. ಹಾಡಿನಲ್ಲೂ ಅಷ್ಟೇ, ಪ್ರತಿ ಸಾಲಿನ ಬಾಲಕ್ಕೂ ಅವಳ ದನಿ. ಬೋಧನೆಯಲ್ಲಿ ಅಯ್ಯನವರು ಕ್ರಿಸ್ತನ ಸಮಾಧಿಯ ಬಾಯಿಂದ ಉರುಳಿದ ಕಲ್ಲಿನ ವಿಚಾರ ಹೇಳಿ, “ದೇವರ ದಾರಿಗೆ ಯಾವ ಅಡ್ಡಿಯೂ ನಿಲ್ಲಲಾರದು” ಅಂದರು. ಕೂಡಲೇ ಹೊರಗಿನಿಂದ ಗಟ್ಟಿಯಾಗಿ, “ಆಮೆನ್!” ಅಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಅವರಿಗೆ ಮಾತು ಎಲ್ಲಿಗೆ ನಿಲ್ಲಿಸಿದ್ದೆ ಎಂಬುದೇ ಸಿಗಲಿಲ್ಲ.

ಈಸ್ಟರ್ ಮುಗಿದ ವಾರ, ಚರ್ಚಿಗೆ ಬರಲಾಗದವರ ಮನೆಗಳಿಗೆ ಹೋಗಿ ಹಾಡಿ, ಪ್ರಾರ್ಥಿಸಿ, ಬ್ರೆಡ್ಡು ಹಣ್ಣಿನ ಪೊಟ್ಟಣ ಕೊಟ್ಟು ಬರುವುದು ನಮ್ಮ ಸಭೆಯ ರೂಢಿ. ಅದಕ್ಕೊಂದು ಪಟ್ಟಿ ಇರುತ್ತದೆ. ಬರೆಯುವವರು ಗಡಿಯಾರ ರಿಪೇರಿ ಅಂಗಡಿಯ ಹಿರಿಯರು. ಆಡಳಿತ ಸಮಿತಿಯಲ್ಲಿ ಅವರದೇ ಕೊನೆಯ ಮಾತು. ಆ ವರ್ಷ ಪಟ್ಟಿಯಲ್ಲಿ ಇಪ್ಪತ್ತೆರಡು ಹೆಸರು. ಕೊನೆಯದು ಟೈಲರಕ್ಕನದು.

ಅಯ್ಯನವರು, ಹಿರಿಯರು, ನಾನು, ನನ್ನ ಹೆಂಡತಿ ಅವಳ ಮನೆಗೆ ಹೋದೆವು. ಹಿರಿಯರು ಪೊಟ್ಟಣ ಮುಂದೆ ಹಿಡಿದರು. ಅವಳು ಪೊಟ್ಟಣ ಬಿಟ್ಟು ಪಟ್ಟಿಗೆ ಕೈಚಾಚಿದಳು.

“‘ಬರಲಾಗದವರು’ ಅಂತಿದೆ. ಯಾರು ಬರೆದಿದ್ದು?”

“ನಾನೇ ಕಣಮ್ಮ,” ಅಂದರು ಹಿರಿಯರು.

“ನನ್ನ ಹೆಸರು ಹೊಡೆದುಹಾಕಿ. ನಾನು ಬಂದಿದ್ದೆ ಹಿರಿಯರೇ. ಬಾಗಿಲ ಮುಂದೆನೇ ಇದ್ದೆ. ನಂಗೆ ಬ್ರೆಡ್ಡು ಬೇಡ, ದುಡಿದು ತಿಂತೀನಿ. ನನ್ನ ಪರವಾಗಿ ಪ್ರಾರ್ಥನೇನೂ ಬೇಡ, ನನ್ನ ಬಾಯಿ ನೆಟ್ಟಗಿದೆ. ಬೇಕಾಗಿರೋದು ಬಾಗಿಲು.”

ನನ್ನ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನನಗೆ ತಡೆಯಲಾಗಲಿಲ್ಲ.

“ಅಲ್ಲಕ್ಕಾ, ಈಗ ಮೆಟ್ಟಿಲು ಕಿತ್ತುಹಾಕ್ಲಾ?”

“ಕೀಳು ಅಂತ ಯಾರಂದ್ರು? ಪಕ್ಕದಲ್ಲಿ ಇಳಿಜಾರು ಕಟ್ಟು.”

“ಇಷ್ಟೇನಾ! ಇದಕ್ಕೆ ಇಷ್ಟು ರಾದ್ಧಾಂತನಾ? ಶನಿವಾರ ಬಾ, ಮಾಡಿಟ್ಟಿರ್ತೀನಿ.”

ನಾನು ಮಾಡಿದ್ದೇನು ಗೊತ್ತೇ? ಗೋಡೆ ಕಟ್ಟುವಾಗ ಸಾರುವೆಗೆ ಬಳಸುವ ಎರಡು ಹಲಗೆ, ಆರಾರು ಅಡಿಯವು, ಜೋಡಿಸಿ ಮೆಟ್ಟಿಲ ಮೇಲೆ ಒರಗಿಸಿದೆ. ಶನಿವಾರ ಟೈಲರಕ್ಕ ಬಂದು ನೋಡಿದಳು. ಅಂಗಳದಲ್ಲಿದ್ದ ಬೆಂಚಿನ ಮೇಲಕ್ಕೆ ಜರುಗಿ ಕೂತು, ಖಾಲಿ ಕುರ್ಚಿಯನ್ನು ನನ್ನ ಕಡೆಗೆ ತಳ್ಳಿದಳು. “ಮೊದಲು ನೀನು ಹತ್ತು.”

ಕಲ್ಲು ಹೊತ್ತ ತೋಳು ನನ್ನದು, ಇದೇನು ಮಹಾ ಅಂದುಕೊಂಡು ಕೂತೆ. ಎರಡಡಿ ಹೋಗುವಷ್ಟರಲ್ಲಿ ತೋಳು ನಡುಗಿತು. ಮೂರನೆಯ ಅಡಿಗೆ ಕುರ್ಚಿ ಹಿಂದಕ್ಕೆ ಓಡಿತು. ನಾನು ಹೂವಿನ ಪಾತಿಯಲ್ಲಿ ಅಂಗಾತ ಬಿದ್ದೆ. ನನ್ನ ಹೆಂಡತಿ ನಕ್ಕಿದ್ದನ್ನು ನೋಡಬೇಕಿತ್ತು, ಕಣ್ಣಲ್ಲಿ ನೀರು ಬರುವಷ್ಟು. “ರೀ, ಎತ್ಲಾ? ಸೇವೆ ಮಾಡ್ಲಾ?” ಅಂದಳು.

ಟೈಲರಕ್ಕ ನಗಲಿಲ್ಲ. ಕೊರಳಲ್ಲಿದ್ದ ಹೊಲಿಗೆ ಟೇಪು ತೆಗೆದು ನನ್ನ ಮೆಟ್ಟಿಲು ಅಳೆದಳು.

“ಒಟ್ಟು ಎತ್ತರ ಮೂವತ್ತಿಂಚು. ಒಂದಿಂಚು ಎತ್ತರಕ್ಕೆ ಹನ್ನೆರಡಿಂಚು ಉದ್ದ ಬೇಕು. ಆಸ್ಪತ್ರೇಲಿ ವ್ಯಾಯಾಮ ಮಾಡಿಸ್ತಿದ್ದ ಮೇಡಂ ಹೇಳಿಕೊಟ್ಟಿದ್ದು. ಲೆಕ್ಕ ಹಾಕು.”

“ಮೂವತ್ತಡಿ ಆಗುತ್ತೆ! ಏನಕ್ಕಾ, ವಿಮಾನ ಇಳಿಸ್ತೀಯಾ?”

“ಹದಿನೈದಡಿ ಹೋಗಿ ತಿರುಗು, ಮತ್ತೆ ಹದಿನೈದಡಿ. ತಿರುಗೋ ಕಡೆ ಐದಡಿ ಚೌಕ ಸಮತಟ್ಟಾಗಿರ್ಲಿ. ಅಗಲ ನಾಲ್ಕಡಿ. ಎರಡೂ ಕಡೆ ಹಿಡ್ಕೊಳ್ಳೋಕೆ ಕಂಬಿ. ನಿನ್ನ ಮೆಟ್ಟಿಲಿನ ಹಾಗೆ ಕನ್ನಡಿ ಮಾಡ್ಬೇಡ, ತರಿತರಿ ಇರ್ಲಿ. ಮಳೇಲಿ ಜಾರಬಾರ್ದು.”

ಮೂವತ್ತು ವರ್ಷ ಕರಣೆ ಹಿಡಿದವನಿಗೆ ಇದೊಂದೂ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ, ನಾನೂ ಯೋಚಿಸಿರಲಿಲ್ಲ.

ಸಮಿತಿಯ ಮುಂದೆ ವಿಷಯ ಇಟ್ಟಾಗ ಹಿರಿಯರು ಕೆಂಡವಾದರು. “ಒಬ್ಬಳಿಗೋಸ್ಕರ ಅಂಗಳ ಅಗೆಯೋದಾ? ಎತ್ತೋಕೆ ಜನ ಇದ್ದಾರೆ. ಇದು ಬರೀ ಅಹಂಕಾರ.” ಮುಂದೆ ನೋಡೋಣ ಎಂದು ಮಾತು ಮುಗಿಯಿತು. ಮುಂದೆ ನೋಡೋಣ ಅಂದರೆ ಏನರ್ಥ ಎಂದು ನಿಮಗೂ ಗೊತ್ತು. ನಾನು ಅಲ್ಲಿ ಬಾಯಿಬಿಡಲಿಲ್ಲ. ಅದು ಇವತ್ತಿಗೂ ನನಗೆ ನಾಚಿಕೆಯ ವಿಷಯ.

ಮನೆಗೆ ಬಂದು ಹೇಳಿದರೆ ಹೆಂಡತಿ ಸಿಡಿದಳು. “ಒಬ್ಬಳಿಗೋಸ್ಕರ ಅಂದ್ರಾ? ಯಾರಾದ್ರೂ ಎಣಿಸಿದ್ದೀರಾ?” ಮರುದಿನವೇ ಅವಳು, ಟೈಲರಕ್ಕ ಸೇರಿ ಪಟ್ಟಿಯ ಉಳಿದ ಇಪ್ಪತ್ತೊಂದು ಮನೆಗೂ ಹೊರಟರು. ಈ ಸಲ ಪೊಟ್ಟಣವಿಲ್ಲ, ಹಾಡಿಲ್ಲ. ಕೇಳಿದ್ದು ಒಂದೇ ಮಾತು: “ನೀವು ಚರ್ಚಿಗೆ ಬರೋಕೆ ಏನು ಅಡ್ಡಿ?”

ನಿವೃತ್ತ ಕಂಡಕ್ಟರಿಗೆ ಮಂಡಿ ಮಡಚುವುದಿಲ್ಲ. ಅವಳಿ ಮಕ್ಕಳ ತಾಯಿಗೆ ತಳ್ಳುಗಾಡಿ ಎತ್ತಲಾಗುವುದಿಲ್ಲ. ಕಣ್ಣು ಮಂಜಾದ ಶಾಲಾ ಟೀಚರಿಗೆ ಕೊನೆಯ ಮೆಟ್ಟಿಲು ಎಲ್ಲಿ ಮುಗಿಯಿತೆಂದು ಕಾಣುವುದಿಲ್ಲ, ಹಿಡಿದುಕೊಳ್ಳಲು ಕಂಬಿಯಿಲ್ಲ. ಇಪ್ಪತ್ತೊಂದು ಮನೆಯಲ್ಲಿ ಹದಿನಾಲ್ಕು ಮನೆಯವರು ಹೇಳಿದ ಉತ್ತರ ನನ್ನ ಐದು ಮೆಟ್ಟಿಲು. ಇಷ್ಟು ವರ್ಷ ನಾವು ಅವರಿಗೆ ಬಾಳೆಹಣ್ಣು ಕೊಟ್ಟು ಬರುತ್ತಿದ್ದೆವು.

ಮುಂದಿನ ಭಾನುವಾರ ಆ ಹದಿನಾಲ್ಕು ಮಂದಿಯೂ ಬಂದರು. ಯಾರೂ ಮೆಟ್ಟಿಲು ಹತ್ತಲಿಲ್ಲ. ಕೆಳಗೆ ಅಂಗಳದಲ್ಲಿ, ಟೈಲರಕ್ಕನ ಪಕ್ಕದಲ್ಲಿ, ಮನೆಯಿಂದ ತಂದ ಸ್ಟೂಲು ಕುರ್ಚಿ ಹಾಕಿಕೊಂಡು ಸಾಲಾಗಿ ಕೂತರು. ಬಾಗಿಲಲ್ಲಿ ಎಲ್ಲರನ್ನೂ ಸ್ವಾಗತಿಸುತ್ತಿದ್ದ ಹಿರಿಯರ ಮುಖ ಬಿಗಿಯಿತು. “ಇದೇನು ಮುಷ್ಕರನಾ?” ಅಂದರು.

“ಇಲ್ಲ ಹಿರಿಯರೇ, ಆರಾಧನೆಗೆ ಬಂದಿದ್ದೀವಿ. ಇಲ್ಲಿವರೆಗೆ ಬರೋಕಾಯ್ತು,” ಅಂದಳು ಟೈಲರಕ್ಕ.

ಆಗ ಗೇಟಿನ ಕಡೆಯಿಂದ ಕೋಲೂರಿಕೊಂಡು ಇನ್ನೊಬ್ಬರು ಬಂದರು. ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಒಂದು ವರ್ಷದಿಂದ ಮನೆಯಲ್ಲಿ ಕೆಲಸವಿದೆ ಎಂದು ಚರ್ಚಿಗೆ ಬಾರದಿದ್ದ ಹಿರಿಯರ ಹೆಂಡತಿ. ಅವರು ಟೈಲರಕ್ಕನ ಪಕ್ಕದಲ್ಲಿ ಕೂತರು.

ಹಿರಿಯರು ದಡದಡನೆ ಇಳಿದು ಬಂದರು. “ಏನೇ ಇದು? ಇಲ್ಯಾಕೆ ಕೂತೆ?”

“ಹತ್ತೋದು ಹೇಗೋ ಹತ್ತೇನು. ಇಳಿಯುವಾಗ ಬಿದ್ದೇಬಿಡ್ತೀನಿ ಅನ್ಸುತ್ತೆ ರೀ. ಅದಕ್ಕೇ ಬರ್ತಿರ್ಲಿಲ್ಲ.”

“ನಂಗೊಂದು ಮಾತು ಹೇಳಬಾರ್ದಿತ್ತಾ?”

“ಇವಳು ಹೇಳಿದ್ದಕ್ಕೆ ಅಹಂಕಾರ ಅಂದ್ರಿ. ನಾನು ಹೇಳಿದ್ರೆ ಏನಂತಿದ್ರಿ?”

ಹಿರಿಯರು ತಿರುಗಿ ಐದೂ ಮೆಟ್ಟಿಲನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಅಷ್ಟರಲ್ಲಿ ಅಯ್ಯನವರು ಓದುವ ಪೀಠವನ್ನು ತಾವೇ ತಬ್ಬಿಕೊಂಡು ಮೆಟ್ಟಿಲಿಳಿದು ಬಂದರು. “ಇವತ್ತು ಆರಾಧನೆ ಇಲ್ಲೇ. ದಾರಿ ಆಗೋವರೆಗೂ ಇಲ್ಲೇ.” ಒಳಗಿದ್ದವರೆಲ್ಲ ಗೊಣಗುತ್ತಾ ಹೊರಗೆ ಬಂದರು. ಬಿಸಿಲು ಬಿಸಿಲು ಎಂದು ಯಾರೋ ರಾಗ ಎಳೆದರು. “ಕೆಲವು ವಾರದಿಂದ ನಾನು ಇಲ್ಲೇ ಕೂತಿದ್ದೀನಿ, ಕರಗಿಲ್ಲ,” ಅಂದಳು ಟೈಲರಕ್ಕ.

ಮರುದಿನ ನಾನು ಇಳಿಜಾರಿನ ಅಳತೆಗೆ ದಾರ ಕಟ್ಟಿದೆ. ಹೂವಿನ ಪಾತಿಯನ್ನು ಹಿರಿಯರೇ ಅಗೆದರು. ಜಲ್ಲಿ ಹೊರಲು, ಸಿಮೆಂಟು ಕಲಸಲು, ಬೆಳಿಗ್ಗೆ ಸಂಜೆ ನೀರುಣಿಸಲು ಸಭೆಯವರು ಪಾಳಿ ಹಾಕಿಕೊಂಡರು. ಐದು ವಾರ ಹಿಡಿಯಿತು.

ಆರನೆಯ ಭಾನುವಾರ ಟೈಲರಕ್ಕ ಬಂದಳು. ಎಲ್ಲರೂ ನೋಡುತ್ತಿದ್ದೆವು. ಹದಿನೈದಡಿ ಹತ್ತಿದಳು, ಸಮತಟ್ಟಿನಲ್ಲಿ ಉಸಿರು ತೆಗೆದುಕೊಂಡಳು, ತಿರುಗಿಸಿದಳು, ಇನ್ನೂ ಹದಿನೈದಡಿ ಹತ್ತಿದಳು. ಯಾರೂ ತಳ್ಳಲಿಲ್ಲ. ಬಾಗಿಲಿಗೆ ಬಂದು ಮುಂದಿನ ಗಾಲಿ ಠಕ್ ಎಂದು ನಿಂತಿತು.

ಹೊಸ್ತಿಲು. ಎರಡಿಂಚಿನ ಮರದ ಹೊಸ್ತಿಲು. ಅಷ್ಟೆಲ್ಲ ಅಳೆದ ನಾನು ಅದನ್ನೇ ಮರೆತಿದ್ದೆ!

“ಅಯ್ಯೋ, ಒಂಚೂರು ಎತ್ತಿದ್ರೆ ಆಯ್ತು,” ಎಂದು ಹತ್ತು ಕೈ ಮುಂದೆ ಬಂದವು. ಅವಳು ಹಿಂದಕ್ಕೆ ತಿರುಗಲೂ ಇಲ್ಲ.

“ಮೇಸ್ತ್ರಿ, ಗರಗಸ ಇದೆಯಾ?”

“ಈಗಲೇನಾ? ಆರಾಧನೆ ಮುಗೀಲಿ ಅಕ್ಕಾ. ನಾಳೆ ಬೆಳಿಗ್ಗೆನೇ...”

“ಎರಡಿಂಚು ಹೊರಗಿದ್ರೂ ಹೊರಗೇ. ನಾನು ಕಾಯ್ತೀನಿ. ನೀವೂ ಕಾಯಿರಿ.”

“ಅಜ್ಜಂದಿರ ಕಾಲದ ಹೊಸ್ತಿಲು ಅದು,” ಎಂದು ಸಮಿತಿಯವರೊಬ್ಬರು ಬಾಯಿ ತೆರೆದರು. ಹಿರಿಯರು ಕೋಟು ಕಳಚಿ ಬೆಂಚಿನ ಮೇಲೆ ಹಾಕಿ, ನೆಲಕ್ಕೆ ಮಂಡಿಯೂರಿದರು. “ಕೊಯ್ಯಿ ಮೇಸ್ತ್ರಿ. ಈ ಬದಿ ನಾನು ಹಿಡ್ಕೋತೀನಿ.”

ಕೆಲಸದ ಚೀಲದಿಂದ ಗರಗಸ, ಉಳಿ ತಂದು ಇಪ್ಪತ್ತು ನಿಮಿಷ ಕೊಯ್ದೆ. ಹಾಡಿಲ್ಲ, ಪ್ರಾರ್ಥನೆಯಿಲ್ಲ, ಇಡೀ ಸಭೆ ಗರಗಸದ ಸದ್ದು ಕೇಳುತ್ತಾ ನಿಂತಿತ್ತು. ಕೊನೆಗೆ ಉಳಿಯಿಂದ ಮೀಟಿದಾಗ ಮರ ಬಿಟ್ಟುಕೊಂಡಿತು. ಟೈಲರಕ್ಕ ಮರದ ಪುಡಿಯ ಮೇಲೆ ಗಾಲಿ ಉರುಳಿಸಿಕೊಂಡು ಒಳಗೆ ಹೋದಳು. ನಾವು ಅವಳನ್ನು ಇಡುತ್ತಿದ್ದ ಹಿಂದಿನ ಮೂಲೆಯಲ್ಲಿ ನಿಲ್ಲಲಿಲ್ಲ. ನಡುದಾರಿಯಲ್ಲಿ ನೇರ ಮುಂದಕ್ಕೆ ಹೋಗಿ, ತನಗೆ ಬೇಕಾದ ಕಡೆ ನಿಂತಳು. ಕಂಬಿ ಹಿಡಿದುಕೊಂಡು ಹಿರಿಯರ ಹೆಂಡತಿ ಬಂದರು, ಕಂಡಕ್ಟರ್ ಬಂದರು, ತಳ್ಳುಗಾಡಿ ಬಂತು. ನಾನು ಬಾಗಿಲಲ್ಲೇ ಕೂತು ಅತ್ತುಬಿಟ್ಟೆ.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮದು ಚರ್ಚೇ ಆಗಬೇಕಿಲ್ಲ. ಶಾಲೆಯಿರಲಿ, ಅಂಗಡಿಯಿರಲಿ, ಆಸ್ಪತ್ರೆಯಿರಲಿ, ನಿಮ್ಮ ಸಂಘದ ಕೋಣೆಯಿರಲಿ, ನಾಳೆ ಬೆಳಿಗ್ಗೆ ಒಂದು ಟೇಪು ಹಿಡಿದು ಅದರ ಬಾಗಿಲ ಮುಂದೆ ನಿಲ್ಲಿ. ಇಂಚಿಗೆ ಹನ್ನೆರಡಿಂಚು, ನೆನಪಿಟ್ಟುಕೊಳ್ಳಿ. ಕಟ್ಟುವ ಮೊದಲು, ಅದರ ಮೇಲೆ ಓಡಾಡುವವರನ್ನೇ ಕೂರಿಸಿಕೊಂಡು ಕೇಳಿ. ಬಾರದವರನ್ನು ಸೋಮಾರಿಗಳು, ಭಕ್ತಿಯಿಲ್ಲದವರು, ಹಠಮಾರಿಗಳು ಎಂದು ಬೈಯುವ ಮೊದಲು ಅವರ ಮನೆಗೆ ಹೋಗಿ ಏನು ಅಡ್ಡಿ ಎಂದು ವಿಚಾರಿಸಿ. ನೀವೇ ಹೊರಗೆ ಉಳಿದವರಾಗಿದ್ದರೆ ಮನೆಯಲ್ಲಿ ಕೂರಬೇಡಿ, ಬಾಗಿಲ ಮುಂದೆ ಬಂದು ಕೂರಿ. ಒಬ್ಬರೇ ಆದರೂ ಪರವಾಗಿಲ್ಲ. ‘ಮುಂದೆ ನೋಡೋಣ’ ಎಂದು ಯಾರಾದರೂ ಅಂದರೆ ನನಗೆ ಹೇಳಿಕಳಿಸಿ. ಗರಗಸ ಹಿಡಿದುಕೊಂಡೇ ಬರುತ್ತೇನೆ.